ಊರ ಮಾತಿಗೆ ರಮಾಬಾಯಿ ಕೊಟ್ಟ ಉತ್ತರ



ಊರೆಲ್ಲ ಒಂದು ಕಡೆ, ನಾವೊಬ್ಬರೇ ಒಂದು ಕಡೆ ಎನ್ನಿಸುವ ದಿನ ಯಾವ ಹೆಂಗಸಿನ ಬಾಳಿನಲ್ಲಿ ಬರುವುದಿಲ್ಲ ಹೇಳಿ? ಒಬ್ಬಳಿಗೆ ಗಂಡ ತೀರಿಕೊಂಡ ಕಾರಣಕ್ಕೆ, ಇನ್ನೊಬ್ಬಳಿಗೆ ಮಗಳು ತಾನೇ ಮೆಚ್ಚಿ ಮದುವೆಯಾದ ಕಾರಣಕ್ಕೆ, ಮತ್ತೊಬ್ಬಳಿಗೆ ಅವಳು ನಂಬಿದ ದೇವರ ಕಾರಣಕ್ಕೆ. ಕೊಡ ಹಿಡಿದು ನಲ್ಲಿಯ ಹತ್ತಿರ ಹೋದರೆ ಅಲ್ಲಿದ್ದವರ ಮಾತು ತಟ್ಟನೆ ನಿಲ್ಲುತ್ತದೆ. ಅಡುಗೆ ಕೆಟ್ಟರೆ ಮತ್ತೆ ಮಾಡಬಹುದು, ಕೆಟ್ಟ ಮನಸ್ಸುಗಳನ್ನು ಮತ್ತೆ ಹದಕ್ಕೆ ತರುವುದು ಹೇಗೆ?

ನಮ್ಮ ಮುದನಾಳದ ಕಡೆಯ ಒಬ್ಬ ತಂಗಿ ಈಚೆಗೆ ನನ್ನನ್ನು ಕೇಳಿದಳು: “ಅಕ್ಕಾ, ಯೇಸುಸ್ವಾಮಿಯನ್ನ ನಂಬೀನಿ ಅಂತ ತವರುಮನಿಯವರೇ ಮಾತು ಬಿಟ್ಟಾರ. ನಂಬಿದವರಿಗೇ ಯಾಕ ಇಷ್ಟು ಕಷ್ಟ?” ನಾನು ಉಪದೇಶ ಮಾಡುವಷ್ಟು ಓದಿದವಳಲ್ಲ. ಅದಕ್ಕೇ ಅವಳಿಗೆ ಒಬ್ಬ ಹೆಣ್ಣುಮಗಳ ಬಾಳಿನ ಕತೆ ಹೇಳಿದೆ. ನಿಮ್ಮಲ್ಲಿಯೂ ಇದೇ ಪ್ರಶ್ನೆ ಇಟ್ಟುಕೊಂಡವರು ಇರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ. ನೀವು ಯಾವ ದೇವರಿಗೆ ಕೈಮುಗಿದರೂ ಸರಿ, ಈ ಕತೆ ನಿಮ್ಮದೂ ಹೌದು.

ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬಯಿಯ ರೈಲು ಹತ್ತಿದರೆ ವಾಡಿ, ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ, ಪುಣೆ ಇನ್ನೂ ಸುಮಾರು 60 ಕಿಲೋಮೀಟರ್ ಇರುವಾಗ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಪಂಡಿತಾ ರಮಾಬಾಯಿ ಕಟ್ಟಿದ ‘ಮುಕ್ತಿ’ ಎಂಬ ಆಶ್ರಯಧಾಮ ಇರುವುದು ಅಲ್ಲಿ. ಮರಾಠಿಯವರು ಆಕೆಯನ್ನು ತಮ್ಮವಳೆನ್ನುತ್ತಾರೆ. ಆದರೆ ಆಕೆ ಹುಟ್ಟಿದ್ದು ನಮ್ಮ ಕನ್ನಡನಾಡಿನ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು.

ಆ ಕಾಡಿಗೆ ಅವರು ಹೋದದ್ದಾದರೂ ಏಕೆ? ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ! ಹೆಣ್ಣಿಗೆ ದೇವಭಾಷೆ ಕಲಿಸುವುದೇ ಎಂದು ಜನ ತಿರುಗಿಬಿದ್ದರು. ಶಾಸ್ತ್ರಿಗಳು ಹಟ ಬಿಡಲಿಲ್ಲ, ಹೆಂಡತಿಯನ್ನು ಕರೆದುಕೊಂಡು ಕಾಡಿಗೆ ಹೋಗಿ ಅಲ್ಲಿಯೇ ಪಾಠ ಮುಂದುವರಿಸಿದರು. ಆ ತಾಯಿ ಲಕ್ಷ್ಮೀಬಾಯಿಯೇ ಮುಂದೆ ಮಗಳಿಗೆ ಗುರುವಾದಳು. ಊರಿನ ವಿರೋಧ ಎಂಬುದು ರಮಾಬಾಯಿಗೆ ಹುಟ್ಟುವ ಮೊದಲೇ ಗಂಟುಬಿದ್ದಿತ್ತು ನೋಡಿ.

ಕೂಸಿಗೆ ಆರು ತಿಂಗಳಾದಾಗ ಸಂಸಾರ ಕಾಡು ಬಿಟ್ಟು ಹೊರಟಿತು. ಊರೂರು ತಿರುಗಿ ಪುರಾಣ ಹೇಳುವುದು, ಬಂದ ದಕ್ಷಿಣೆಯಲ್ಲಿ ಹೊಟ್ಟೆ ಹೊರೆಯುವುದು. ಅಷ್ಟರಲ್ಲಿ ಬರ ಬಂತು. ಕೈಯಲ್ಲಿದ್ದದ್ದೆಲ್ಲ ತೀರಿತು. ಎಷ್ಟೋ ದಿನ ಎಲೆ ತಿಂದು ನೀರು ಕುಡಿದು ಕಳೆದರು. 1874ರಲ್ಲಿ ತಂದೆ, ಅವರ ಬೆನ್ನಿಗೇ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ಈಕೆ ಇಬ್ಬರೇ.

ಆ ದಿನಗಳ ಬಗ್ಗೆ ರಮಾಬಾಯಿ ಮುಂದೆ ಬರೆದ ಒಂದು ಮಾತು ನಾವು ತಾಯಂದಿರು ನೆನಪಿಡಬೇಕಾದದ್ದು. ಮನೆಯವರಿಗೆಲ್ಲ ಶಾಸ್ತ್ರದ ಓದು ಬೇಕಾದಷ್ಟಿತ್ತು, ಹೊಟ್ಟೆಪಾಡಿನ ಕೈಕೆಲಸ ಒಂದೂ ಗೊತ್ತಿರಲಿಲ್ಲ. ಕೂಲಿ ಮಾಡಲೂ ಬೇಡಲೂ ಅಭಿಮಾನ ಅಡ್ಡ ಬರುತ್ತಿತ್ತು ಎಂಬುದು ಆಕೆಯ ಮಾತಿನ ತಾತ್ಪರ್ಯ. ಇದನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ.

1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಸುಖ ಬಂತು ಎನ್ನುವಷ್ಟರಲ್ಲಿ 1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರೊಡನೆ ಮದುವೆ. ಅವರದು ಬೇರೆ ಜಾತಿ. ಮತ್ತೆ ಬೈಗುಳ, ಮತ್ತೆ ಬಹಿಷ್ಕಾರ! 1882ರಲ್ಲಿ ಕಾಲರಾ ಬಂದು ಗಂಡನೂ ಹೋದರು. ಇಪ್ಪತ್ತಮೂರು ವರ್ಷದ ವಿಧವೆ, ಮಡಿಲಲ್ಲಿ ಇನ್ನೂ ವರ್ಷ ತುಂಬದ ಮಗಳು ಮನೋರಮೆ. ಆ ಕಾಲದಲ್ಲಿ ಅಂಥವಳ ಬಾಳು ಏನಾಗಬೇಕಿತ್ತೆಂದು ನಾನು ಬಿಡಿಸಿ ಹೇಳಬೇಕೆ?

ಡಾಕ್ಟರ್ ಆಗಬೇಕು, ಹೆಂಗಸರಿಗೆ ಮದ್ದು ಕೊಡಬೇಕು ಎಂದು 1883ರಲ್ಲಿ ಆಕೆ ಮಗಳೊಡನೆ ಇಂಗ್ಲೆಂಡಿಗೆ ಹೋದಳು. ಕಿವಿ ಮಂದವಾಗಿ ಆ ಆಸೆಯೂ ಮುರಿಯಿತು. ಅಲ್ಲಿ, ಬಿದ್ದ ಹೆಂಗಸರೆಂದು ಜನ ದೂರವಿಟ್ಟವರನ್ನು ವಾಂಟೇಜ್‌ನ ಕ್ರೈಸ್ತ ಸೋದರಿಯರು ಎತ್ತಿ ನಿಲ್ಲಿಸುತ್ತಿದ್ದುದನ್ನು ಕಂಡಳು. ಯೇಸುಸ್ವಾಮಿ ಅಂಥ ಸಮಾರ್ಯದ ಹೆಂಗಸೊಬ್ಬಳ ಕೈಯಿಂದ ಬಾವಿಯ ಹತ್ತಿರ ನೀರು ಕೇಳಿದ ಪ್ರಸಂಗ ಆಕೆಯ ಮನಸ್ಸಿಗೆ ನಾಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಪಡೆದಳು.

ಈ ಕಡೆ ದೇಶದಲ್ಲಿ ಕೋಲಾಹಲ. ನಿನ್ನೆ ಸರಸ್ವತಿ ಎಂದವರೇ ಇಂದು ಕುಲಗೇಡಿ ಎಂದರು. ಜ್ಯೋತಿಬಾ ಫುಲೆಯವರಂಥ ಕೆಲವರು ಮಾತ್ರ ಆಕೆಯ ಪರವಾಗಿ ಬರೆದರು.

ಹಾಗಾದರೆ ಹೊಸ ಮತದವರಾದರೂ ಆಕೆಯನ್ನು ಸುಮ್ಮನೆ ಬಿಟ್ಟರೇ? ಅದೂ ಇಲ್ಲ ತಾಯಂದಿರೇ. ಗುರುಗಳು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವ ಸ್ವಭಾವ ಆಕೆಯದಲ್ಲ. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ನಮ್ಮ ಸಂಸ್ಕೃತ ಇರಬಾರದೇ ಎಂದು ಕೇಳಿದಳು! ಅವಳಿಗೆ ಅಹಂಕಾರ ಎಂದು ಅವರೂ ಬೇಸರಪಟ್ಟರು. ಈಚೆಯವರಿಗೂ ಬೇಡ, ಆಚೆಯವರಿಗೂ ಪೂರ್ತಿ ಬೇಡ. ಎರಡು ಮನೆಯ ನಡುವಿನ ಓಣಿಯಲ್ಲಿ ನಿಂತಂತೆ. ಆದರೂ ದೇವರ ಮೇಲಿನ ಭರವಸೆ ಆಕೆ ಬಿಡಲಿಲ್ಲ. ದೇವರು ಬೇರೆ, ದೇವರ ಹೆಸರು ಹೇಳುವವರು ಬೇರೆ ಎಂಬುದು ಆಕೆಗೆ ಗೊತ್ತಿತ್ತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆದಳು, ಮರುವರ್ಷ ಅದು ಪುಣೆಗೆ ಹೋಯಿತು. ಶಾಲೆಯಲ್ಲಿ ಮತದ ಬೋಧನೆ ಇಲ್ಲ ಎಂದು ಮಾತಾಗಿತ್ತು. ಆದರೆ ರಮಾಬಾಯಿ ತನ್ನ ಪ್ರಾರ್ಥನೆಯನ್ನು ಬಾಗಿಲು ತೆರೆದೇ ಮಾಡುತ್ತಿದ್ದಳು, ಬಂದು ಕೂಡುವ ಹುಡುಗಿಯರನ್ನು ಎಬ್ಬಿಸಿ ಕಳಿಸುತ್ತಿರಲಿಲ್ಲ. 1893ರಲ್ಲಿ ಇದೇ ದೊಡ್ಡ ಗಲಾಟೆಯಾಯಿತು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಂದರು. ಹಲವು ತಂದೆತಾಯಿಗಳು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ನ್ಯಾಯವಾಗಿ ಹೇಳಬೇಕೆಂದರೆ ಮಕ್ಕಳನ್ನು ನಂಬಿ ಬಿಟ್ಟ ಮನೆಯವರ ಅಂಜಿಕೆಯೂ ಸುಳ್ಳಲ್ಲ, ತನ್ನ ಮನೆಯಲ್ಲಿ ತಾನು ಬಾಗಿಲು ಹಾಕಿಕೊಂಡು ಪ್ರಾರ್ಥಿಸಬೇಕೇ ಎಂಬ ಆಕೆಯ ಪ್ರಶ್ನೆಯೂ ಸುಳ್ಳಲ್ಲ. ಒಂದು ಮಾತು ಮಾತ್ರ ನಿಜ: ಆ ಶಾಲೆಯಲ್ಲಿ ಓದಿದ ಬಾಲವಿಧವೆ ಗೋದೂಬಾಯಿ ಹಿಂದುವಾಗಿಯೇ ಉಳಿದು, ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ವಿಧವೆಯರ ವಿದ್ಯೆಗಾಗಿ ಜೀವ ತೇದ ಆ ಮಹರ್ಷಿ ಕರ್ವೆಯವರೇ!

ಈಗ ನೋಡಿ, ಇಷ್ಟು ಜನ ಬೈದಾಗ ರಮಾಬಾಯಿ ಏನು ಮಾಡಿದಳು? ಬೈದವರ ಬಾಯಿ ಮುಚ್ಚಿಸಲು ಹೊರಟಳೇ? ಇಲ್ಲ. 1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಘೋರ ಬರ ಬಿತ್ತು. ತಾನು ಉಂಡ ಹಸಿವು ಆಕೆಗೆ ನೆನಪಾಯಿತು. ಅಲ್ಲಿಗೇ ಹೋದಳು. ಎಲುಬುಗೂಡಾಗಿದ್ದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದಳು. ಪುಣೆಯಲ್ಲಿ ಪ್ಲೇಗು, ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಸರಿ, ಕೇಡಗಾಂವಿನಲ್ಲಿ ಕೊಂಡಿದ್ದ ಹೊಲಕ್ಕೇ ಎಲ್ಲರನ್ನೂ ಕರೆದುಕೊಂಡು ಹೋದಳು. ಹೀಗೆ ಹುಟ್ಟಿತು ಮುಕ್ತಿ. 1900ರಲ್ಲಿ ಗುಜರಾತಿನ ಬರದವರೂ ಬಂದು ಸೇರಿದಾಗ ಉಣ್ಣುವವರು ಎರಡು ಸಾವಿರದ ಹತ್ತಿರವಾದರು. ಹತ್ತು ಜನ ನೆಂಟರು ಬಂದರೆ ನಮಗೆ ರೊಟ್ಟಿ ಬಡಿದು ಬಡಿದು ಕೈ ಸೋಲುತ್ತದೆ. ಎರಡು ಸಾವಿರ ಎಂದರೆ ಎಷ್ಟು ಹಿಟ್ಟು, ಎಷ್ಟು ನೀರು, ಎಷ್ಟು ಕಟ್ಟಿಗೆ!

ಹಾಗೆಂದು ಉಣ್ಣಿಸಿ ಕೂಡಿಸಲಿಲ್ಲ. ನೇಯ್ಗೆ, ಹೊಲಿಗೆ, ಹೈನು, ಹೊಲದ ಕೆಲಸ, ಅಚ್ಚುಮೊಳೆ ಜೋಡಿಸುವುದು, ಹೀಗೆ ಕೈಗೊಂದು ಕಸುಬು ಕೊಟ್ಟಳು. ಕುರುಡು ಹುಡುಗಿಯರಿಗೂ ಬೆರಳಿನಿಂದ ಓದುವ ಬ್ರೈಲ್ ಲಿಪಿ ಕಲಿಸಿದರು. ತನ್ನ ತಂದೆತಾಯಿಗೆ ಬಂದ ಗತಿ ಈ ಮಕ್ಕಳಿಗೆ ಬರಬಾರದು ಎಂಬುದೇ ಅದರ ಹಿಂದಿನ ಸಂಕಟ.

ನಮ್ಮ ಸೀಮೆಗೂ ಆಕೆಯ ಋಣವಿದೆ. 1912ರಲ್ಲಿ ತಾಯಿ ಮಗಳು ಸೇರಿ ಆಗಿನ ನಿಜಾಮರ ರಾಜ್ಯದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ತೆರೆದರು, ಮನೋರಮೆಯೇ ಅದರ ಮುಖ್ಯಸ್ಥೆ. ಆಗ ನಮ್ಮ ಯಾದಗಿರಿ ಗುಲ್ಬರ್ಗ ಜಿಲ್ಲೆಯದೇ ಭಾಗ, ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಹೆಣ್ಣಿಗೆ ಅಕ್ಷರವೇಕೆ ಎನ್ನುತ್ತಿದ್ದ ಕಾಲದಲ್ಲಿ ಈ ಬಿಸಿಲುನಾಡಿಗೆ ಬಂದು ಶಾಲೆ ತೆರೆದರಲ್ಲ!

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. 1921ರಲ್ಲಿ ನಲವತ್ತರ ಮಗಳು ತಾಯಿಯ ಕಣ್ಣೆದುರೇ ಹೋದಳು. ತಾಯಿ ಅತ್ತಿರಬಹುದು, ಕೆಲಸ ಬಿಡಲಿಲ್ಲ. ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಬೈಬಲ್ ಬರೆಯಲು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತಿದ್ದಳು. ಆ ಭಾಷಾಂತರ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದಳು. 1989ರಲ್ಲಿ ಭಾರತ ಸರಕಾರ ಆಕೆಯ ಚಿತ್ರದ ಅಂಚೆಚೀಟಿ ತಂದಿತು. ಮುಕ್ತಿ ಇಂದಿಗೂ ನಡೆಯುತ್ತಿದೆ.

ನಂಬಿದವರಿಗೇ ಯಾಕೆ ಕಷ್ಟ ಎಂಬ ಪ್ರಶ್ನೆಗೆ ರಮಾಬಾಯಿಯ ಬಾಳಿನಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ನಂಬಿಕೆ ಆಕೆಯ ಕಷ್ಟ ತಪ್ಪಿಸಲಿಲ್ಲ. ಆದರೆ ಕಷ್ಟ ಆಕೆಯನ್ನು ಕಹಿ ಮಾಡದಂತೆ ಕಾಪಾಡಿತು. ತನಗೆ ಬಿದ್ದ ಪೆಟ್ಟನ್ನು ಆಕೆ ಇನ್ನೊಬ್ಬರಿಗೆ ದಾಟಿಸಲಿಲ್ಲ, ತನಗೆ ಸಿಗದ ಅನ್ನವನ್ನು ದಾಟಿಸಿದಳು. ಹಗೆ ಮಾಡುವವರಿಗೂ ಒಳಿತು ಮಾಡಿರೆಂದು ಯೇಸುಸ್ವಾಮಿ ಹೇಳಿದ್ದರ ಅರ್ಥ ನನಗೆ ತಿಳಿದದ್ದು ಇಷ್ಟೇ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೆಲವು ಮನೆಯವರು ನಮ್ಮನ್ನು ಶುಭಕಾರ್ಯಕ್ಕೆ ಕರೆಯುತ್ತಿರಲಿಲ್ಲ. ಚರ್ಚಿಗೆ ಹೋಗುವವರೆಂದು ಹಿಂದೆ ಆಡಿಕೊಳ್ಳುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಅತ್ತರೆ ನಮ್ಮತ್ತೆ, “ಕರೀದಿದ್ರ ಬಿಡವ್ವಾ. ಅವರ ಮನ್ಯಾಗ ಬಾಣಂತಿ ಇದ್ದಾಳ, ನೀರು ಕಾಸಾಕ ಕೈ ಬೇಕಾಗ್ತಾವ. ನಡಿ ಹೋಗೂಣು,” ಎನ್ನುತ್ತಿದ್ದರು. ಕರೆಯದ ಮನೆಗೆ ಉಣ್ಣಲು ಹೋಗಬಾರದು, ದುಡಿಯಲು ಹೋಗಬಹುದು ಎಂಬುದು ಅವರ ಶಾಸ್ತ್ರ! ಮೂರು ಬಾಣಂತನ ಮುಗಿಯುವುದರೊಳಗೆ ಆ ಮನೆಯ ಕರೆ ಬಂತು. ಎಲ್ಲ ಮನೆಗಳದೂ ಬಂತೆಂದು ಹೇಳಲಾರೆ. ಬಾರದಿದ್ದರೂ ಅತ್ತೆಯ ಮುಖ ಕಪ್ಪಿಡಲಿಲ್ಲ.

ಆದ್ದರಿಂದ ತಂಗಿಯರೇ, ಚುಚ್ಚುಮಾತಿಗೆ ಆ ಕ್ಷಣವೇ ಉತ್ತರ ಕೊಡಬೇಡಿ, ಒಂದು ರಾತ್ರಿ ಕಳೆಯಲಿ. ನಿಮ್ಮ ನಂಬಿಕೆಯನ್ನು ಅಂಜಿ ಮುಚ್ಚಿಡಬೇಡಿ, ಇನ್ನೊಬ್ಬರ ಮೇಲೆ ಹೇರಲೂಬೇಡಿ. ದೊಡ್ಡವರ ಹಗೆತನವನ್ನು ಮಕ್ಕಳ ಬುತ್ತಿಗೆ ಕಟ್ಟಬೇಡಿ. ಕೈಯಲ್ಲೊಂದು ಕಸುಬು ಇರಲಿ. ಹೊಲಿಗೆಯೋ ಹೈನವೋ ಶೇಂಗಾ ಚಟ್ನಿಯೋ ಯಾವುದಾದರೂ ಸರಿ, ನಾಲ್ಕು ಕಾಸು ನಿಮ್ಮ ಹೆಸರಿನಲ್ಲಿ ಇದ್ದರೆ ಧೈರ್ಯವೇ ಬೇರೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಸಹನೆ ಎಂದರೆ ಹೊಡೆತ ತಿನ್ನುವುದಲ್ಲ. ಯಾರಾದರೂ ಕೈಮಾಡಿದರೆ, ಬೆದರಿಸಿದರೆ, ಕುಡಿಯುವ ನೀರು ತಡೆದರೆ ದೇವರ ಚಿತ್ತ ಎಂದು ಸುಮ್ಮನೆ ಕೂಡಬೇಡಿ. ಹಿರಿಯರಿಗೆ ಹೇಳಿ, ಪೊಲೀಸರಿಗೆ ತಿಳಿಸಿ. ತುರ್ತಿಗೆ 112 ಇದೆ. ತನ್ನ ಮನಸ್ಸಾಕ್ಷಿಯಂತೆ ನಂಬುವ ಹಕ್ಕನ್ನು ನಮ್ಮ ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ, ನಿಮಗೂ, ನಿಮ್ಮ ನೆರೆಯವಳಿಗೂ. ರಮಾಬಾಯಿ ಕ್ಷಮಿಸಿದಳು, ಆದರೆ ಅನ್ಯಾಯವನ್ನು ಅನ್ಯಾಯ ಎಂದು ಹೇಳುವುದನ್ನು ಬಿಡಲಿಲ್ಲ.

ನಿಮ್ಮ ಓಣಿಯಲ್ಲಿಯೂ ಊರು ದೂರವಿಟ್ಟ ಒಬ್ಬಳು ಇರಬಹುದು. ಅವಳ ದೇವರು ಯಾರೆಂದು ಕೇಳುವುದಕ್ಕೆ ಮೊದಲು ಅವಳ ಮನೆಯಲ್ಲಿ ಒಲೆ ಹೊತ್ತಿದೆಯೇ ಎಂದು ನೋಡಿ ಬನ್ನಿ. ಹೋಗುವಾಗ ಬಿಸಿಬಿಸಿ ಎರಡು ಜೋಳದ ರೊಟ್ಟಿ, ಒಂದಿಷ್ಟು ಪಲ್ಯ ಸೆರಗಿನ ಮರೆಯಲ್ಲಿ ಇರಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.