ಗೇರ್‌ಬಾಕ್ಸ್ ಹೋಗಿದೆ ಎನ್ನುವ ಮೊದಲು

ಮಳೆ ನಂಬಿ ಬದುಕುವ ನಮ್ಮಂಥವರ ಮನೆಯಲ್ಲಿ ಹಳೇ ಬೈಕು ಈಗ ಇನ್ನೊಂದು ಎತ್ತಿದ್ದ ಹಾಗೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಸಂತೆಯ ಮೂಟೆ ಎಲ್ಲಾ ಅದರ ಮೇಲೇ. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100, 1994ರಲ್ಲಿ ಬಂದ ಸ್ಪ್ಲೆಂಡರ್, ಈ ತಳಿಯ ಹಳೇ ಗಾಡಿಗಳು ಹೊಲದ ದಾರಿಯಲ್ಲಿ ಇನ್ನೂ ಓಡುತ್ತಿವೆ. ಅವು ಸರಿಯಾಗಿ ಎಳೆಯದಿದ್ದರೆ ಸಾಕು, "ಗೇರ್‌ಬಾಕ್ಸ್ ಹೋಗಿದೆ, ಇಂಜಿನ್ ಇಳಿಸಬೇಕು" ಅನ್ನುವ ಮಾತು ಬರುತ್ತೆ. ಬಿತ್ತನೆ ಬೀಜಕ್ಕೆ ಎತ್ತಿಟ್ಟ ದುಡ್ಡು ಅಲ್ಲಿಗೆ ಹೋಗುತ್ತೆ.

ನನ್ನ ಅಭಿಪ್ರಾಯ ಇಷ್ಟೆ: ರಿಪೇರಿ ಮೆಕ್ಯಾನಿಕ್ಕೇ ಮಾಡಲಿ, ಆದರೆ ಕಾಯಿಲೆ ಎಲ್ಲಿದೆ ಅಂತ ಮೊದಲು ನಾವು ನೋಡಬೇಕು. ಎತ್ತು ಕುಂಟಿದರೆ ಗೊರಸಲ್ಲಿ ಮುಳ್ಳಿದೆಯಾ ಅಂತ ನೋಡ್ತೀವಲ್ಲ, ಹಾಗೆ.

ಈ ಗಾಡಿಗಳಲ್ಲಿ ಕ್ಲಚ್ ಪ್ಲೇಟು ಹಾಕಲು ಬಲಗಡೆಯ ಕವರ್ ಬಿಚ್ಚಿದರೆ ಸಾಕು. ಒಳಗಿನ ಗೇರಿಗಾದರೆ ಇಂಜಿನ್ ಇಳಿಸಿ ಎರಡು ಹೋಳು ಮಾಡಬೇಕು. ಮಜೂರಿಯಲ್ಲಿ ಬಹಳ ವ್ಯತ್ಯಾಸ. ಅದಕ್ಕೇ ಕ್ಲಚ್ಚೋ ಗೇರೋ ಅನ್ನೋದು ಮೊದಲು ತೀರ್ಮಾನ ಆಗಬೇಕು.

ಏರಿನಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ, ಸುಟ್ಟ ವಾಸನೆ ಬರುತ್ತೆ ಅಂದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಹಿಡಿಯ ತುದಿ ಒಂದೆರಡು ಸೆಂಟಿಮೀಟರ್ ಸುಮ್ಮನೆ ಆಡಬೇಕು. ಆಡದಷ್ಟು ಬಿಗಿಯಿದ್ದರೆ ಹೊಸ ಪ್ಲೇಟೂ ಜಾರುತ್ತೆ. ಮೊದಲು ಕೇಬಲ್ ಸಡಿಲ ಮಾಡಿ ನೋಡಿ.

ಹಿಡಿ ಒತ್ತಿದರೂ ಗಾಡಿ ಮುಂದಕ್ಕೆ ಜಗ್ಗುತ್ತೆ, ನಿಂತಾಗ ನ್ಯೂಟ್ರಲ್ ಸಿಗಲ್ಲ ಅಂತಿದ್ದರೆ ಇಂಜಿನ್ ಆಫ್ ಮಾಡಿ. ಗಾಡಿಯನ್ನು ಹಿಂದೆ ಮುಂದೆ ಅಲುಗಿಸುತ್ತಾ ಎಲ್ಲಾ ಗೇರು ಹಾಕಿ ತೆಗೆಯಿರಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ತಕರಾರಾದರೆ ತಪ್ಪು ಬಹುಪಾಲು ಕ್ಲಚ್ಚಿನದು. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಜೋತಿದೆಯಾ, ಹಿಡಿಯ ಹತ್ತಿರ ಎಳೆ ಕಿತ್ತಿದೆಯಾ ನೋಡಿ.

ಎಳೆಯುವಾಗ ಕಟಕಟ ಸದ್ದು ಬಂದರೆ ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಚೈನು ಆಡಿಸಿ. ಜೋತ ಚೈನು, ಸವೆದ ಸ್ಪ್ರಾಕೆಟ್ಟು ಗೇರಿನ ಸದ್ದನ್ನೇ ಮಾಡುತ್ತವೆ. ಗೇರು ಹಾಕುವ ಕಾಲಿನ ಲಿವರ್ ಸಡಿಲವಾಗಿ ತಿರುಗಿದರೂ ಗೇರು ಬೀಳಲ್ಲ. ಅದಕ್ಕೆ ಒಂದು ಬೋಲ್ಟು ಬಿಗಿ ಮಾಡಿದರಾಯಿತು.

ನಿಜವಾಗಿ ಗೇರಿನ ಕಾಯಿಲೆಯ ಗುರುತೇ ಬೇರೆ. ಭಾರ ಎಳೆಯುವಾಗ ಒಂದೇ ಗೇರು ಪದೇಪದೇ ತಾನಾಗಿ ಕಳಚಿಕೊಳ್ಳುತ್ತೆ. ಆ ಗೇರಿನಲ್ಲಿ ಮಾತ್ರ ಗರಗರ ಅನ್ನುತ್ತೆ. ಇನ್ನೊಂದು ಪರೀಕ್ಷೆ ಆಯಿಲಿನದು. ಬಿಸಿ ಇರುವಾಗ ಆಯಿಲ್ ಇಳಿಸಿ, ಬೋಗುಣಿಯಲ್ಲಿ ಅಯಸ್ಕಾಂತ ಆಡಿಸಿ. ಬೂದಿಯಂಥ ನಯವಾದ ಪುಡಿ ಅಂಟಿದರೆ ಸಾಮಾನ್ಯ ಸವೆತ. ಕಬ್ಬಿಣದ ಚೂರು ಅಂಟಿದರೆ ಗಾಡಿ ಓಡಿಸಬೇಡಿ. ಆಗ ಇಂಜಿನ್ ಬಿಚ್ಚಲೇಬೇಕು, ತಡಮಾಡಿದಷ್ಟೂ ಖರ್ಚು ಬೆಳೆಯುತ್ತೆ.

ಇಂಜಿನ್, ಕ್ಲಚ್, ಗೇರು ಮೂರಕ್ಕೂ ಇರುವುದು ಆ ಒಂದೇ ಆಯಿಲು. ಉಳಿದಿದೆ ಅಂತ ಕಾರಿನದೋ ಟ್ರ್ಯಾಕ್ಟರಿನದೋ ಸುರಿಯಬಾರದು. ಕಾರಿನ ಕೆಲವು ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಮದ್ದು ಇರುತ್ತೆ, ಅದರಿಂದ ಕ್ಲಚ್ ಜಾರುತ್ತೆ. ಡಬ್ಬಿಯ ಮೇಲೆ "ಜಾಸೊ ಎಂ.ಎ." ಅಂತ ಇದೆಯಾ ನೋಡಿ ಕೊಳ್ಳಿ. ಮರಳು ದಾರಿಯಲ್ಲಿ ಮೂಟೆ ಹೇರಿಕೊಂಡು ಅರ್ಧ ಕ್ಲಚ್ಚಿನಲ್ಲೇ ಓಡಿಸಿದರೆ ಎಂಥ ಪ್ಲೇಟೂ ಬಾಳಲ್ಲ.

ಗ್ಯಾರೇಜಿಗೆ ಹೋದಾಗ "ಗೇರ್‌ಬಾಕ್ಸ್ ನೋಡಪ್ಪ" ಅನ್ನಬೇಡಿ. ಹಾಗಂದರೆ ಬಿಚ್ಚಲು ನಾವೇ ಒಪ್ಪಿಗೆ ಕೊಟ್ಟಂತೆ. ದನದ ಡಾಕ್ಟರಿಗೆ ಮೇವು ತಿಂತಾ, ಮೆಲುಕು ಹಾಕ್ತಾ ಅಂತ ಹೇಳುವ ಹಾಗೆ ಯಾವ ಗೇರಲ್ಲಿ, ಭಾರ ಇದ್ದಾಗಲೋ ಇಲ್ಲದಾಗಲೋ, ಇಂಜಿನ್ ಕಾದ ಮೇಲೋ ಮೊದಲೋ ಅನ್ನೋದನ್ನ ಹೇಳಿ. ಬದಲಾಯಿಸಿದ ಹಳೇ ಸಾಮಾನು ಕೇಳಿ ಪಡೆಯಿರಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳಲ್ಲ, ಅವನ ಕೆಲಸವೂ ಹಗುರಾಗುತ್ತೆ.

ಈ ಪರೀಕ್ಷೆಗೆಲ್ಲಾ ಒಂದು ಬೆಳಿಗ್ಗೆ ಸಾಕು. ಮುಂಗಾರಿಗೆ ಮುಂಚೆ ಕುಂಟೆ, ಕೂರಿಗೆ ಸರಿಮಾಡಿಕೊಳ್ಳುವ ದಿನಗಳಲ್ಲೇ ಇದನ್ನೂ ಮುಗಿಸಿಕೊಳ್ಳಿ. ಹದ ಬಂದ ದಿನ ಗಾಡಿ ಗ್ಯಾರೇಜಿನಲ್ಲಿ ಇರಬಾರದು.