ಕೆಲಸ ಹಂಚಿ, ಹೊಣೆ ಹಂಚಬೇಡಿ

2025ರ ಸೆಪ್ಟೆಂಬರ್ 30ರಂದು ಚೆನ್ನೈನ ಎಣ್ಣೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಕಾಮಗಾರಿ ವೇಳೆ ಉಕ್ಕಿನ ಕಮಾನು ಕುಸಿದು 9 ಮಂದಿ ಕಾರ್ಮಿಕರು ಮೃತಪಟ್ಟರು. ಬಹುತೇಕರು ಅಸ್ಸಾಂನಿಂದ ದುಡಿಮೆಗೆ ಬಂದವರು. ಮೃತರ ಕುಟುಂಬಗಳಿಗೆ ತಮಿಳುನಾಡು ಸರ್ಕಾರ ತಲಾ 10 ಲಕ್ಷ ರೂಪಾಯಿ, ಕೇಂದ್ರ ಸರ್ಕಾರ ತಲಾ 2 ಲಕ್ಷ ರೂಪಾಯಿ ಪರಿಹಾರ ಘೋಷಿಸಿದವು.

ಕುಸಿತದ ತಾಂತ್ರಿಕ ಕಾರಣ ತನಿಖಾಧಿಕಾರಿಗಳಿಗೆ ಸೇರಿದ ವಿಷಯ. ಆದರೆ ಅಲ್ಲಿನ ಏರ್ಪಾಡು ದೇಶದ ಎಲ್ಲೆಡೆ ಇರುವಂಥದ್ದೇ. ಸ್ಥಾವರ ರಾಜ್ಯದ ವಿದ್ಯುತ್ ಸಂಸ್ಥೆಯದು, ನಿರ್ಮಾಣದ ಗುತ್ತಿಗೆ ಬಿಎಚ್‌ಇಎಲ್‌ನದು, ಎತ್ತರಕ್ಕೆ ಹತ್ತಿ ದುಡಿಯುವವರು ಗುತ್ತಿಗೆ ಕಾರ್ಮಿಕರು. ಹೀಗೆ ಒಂದೇ ಜಾಗದಲ್ಲಿ ಹಲವು ಸಂಸ್ಥೆಗಳು ಸೇರಿದಾಗ ‘ಅದು ನಮ್ಮ ಕೆಲಸವಲ್ಲ’ ಎನ್ನಲು ಎಲ್ಲರಿಗೂ ಅವಕಾಶ ಸಿಗುತ್ತದೆ. ಬೆಲೆ ತೆರುವವನು ಕೊನೆಯ ಮೆಟ್ಟಿಲಲ್ಲಿರುವ ಕಾರ್ಮಿಕ.

ಇದು ಸ್ಥಾವರಗಳ ಸಮಸ್ಯೆ ಮಾತ್ರವಲ್ಲ. ಬೆಂಗಳೂರಿನ ಯಾವುದೇ ದೊಡ್ಡ ಕಚೇರಿ ಕಟ್ಟಡವನ್ನು ನೋಡಿ. ಕಟ್ಟಡದ ಮಾಲೀಕರು ಒಬ್ಬರು, ಬಾಡಿಗೆಗಿರುವ ಕಂಪನಿಗಳು ಹತ್ತಾರು, ನಿರ್ವಹಣೆ ಇನ್ನೊಂದು ಸಂಸ್ಥೆಯದು. ಲಿಫ್ಟ್, ಎಸಿ, ಗಾಜು ಒರೆಸುವುದು, ಮರಗೆಲಸ ಇವಕ್ಕೆಲ್ಲ ಬೇರೆ ಬೇರೆ ಗುತ್ತಿಗೆದಾರರು. ಒಂದು ಮಹಡಿಯಲ್ಲಿ ವೆಲ್ಡಿಂಗ್‌ಗಾಗಿ ಫೈರ್ ಅಲಾರಂ ಬಂದ್ ಮಾಡಿದರೆ, ಮೇಲಿನ ಮಹಡಿಯಲ್ಲಿ ರಾತ್ರಿ ಪಾಳಿ ಮಾಡುತ್ತಿರುವವರಿಗೆ ಅದನ್ನು ತಿಳಿಸುವವರು ಯಾರು? ಎಲೆಕ್ಟ್ರಿಷಿಯನ್ ತಂತಿ ಹಿಡಿದಿರುವಾಗ ಇನ್ನೊಬ್ಬ ಗುತ್ತಿಗೆದಾರನ ಹುಡುಗ ಕೆಳಗೆ ಮೇನ್ ಸ್ವಿಚ್ ಹಾಕದಂತೆ ನೋಡಿಕೊಳ್ಳುವವರು ಯಾರು?

ಉತ್ತರ ಹೊಸದೇನಲ್ಲ. ಒಂದೇ ಜಾಗದಲ್ಲಿ ಏಕಕಾಲಕ್ಕೆ ದುಡಿಯುವ ಸಂಸ್ಥೆಗಳು ಸುರಕ್ಷತೆಗಾಗಿ ಪರಸ್ಪರ ಸಹಕರಿಸಲೇಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರ ತನ್ನ 155ನೇ ಒಪ್ಪಂದದಲ್ಲೇ ಹೇಳಿದೆ. ನಮ್ಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೂ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಮಾಲೀಕನೇ ಕೊಡಬೇಕು ಎಂದಿತ್ತು. ಕೂಲಿಗೆ ಹೊಣೆಯಾಗುವವನು ಜೀವಕ್ಕೂ ಹೊಣೆಯಾಗಬೇಕಲ್ಲವೇ?

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಇಲ್ಲಿ ಒಂದು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದಿಟ್ಟಿದೆ. ನಿರ್ಮಾಣ ಕಾಮಗಾರಿಯಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಲು ಮೊದಲು 500 ಕಾರ್ಮಿಕರಿರಬೇಕಿತ್ತು, ಈಗ 250 ಸಾಕು. ಆದರೆ ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ನಿಯಮಗಳು ಅನ್ವಯಿಸುವ ಮಿತಿ 20ರಿಂದ 50ಕ್ಕೆ ಏರಿದೆ. ಅಪಾಯದ ಕೆಲಸಗಳು ಹೆಚ್ಚಾಗಿ ಬೀಳುವುದು ಹತ್ತು ಹದಿನೈದು ಜನರ ಸಣ್ಣ ತಂಡಗಳ ಪಾಲಿಗೇ. ಅವರನ್ನು ಕಾಯಬೇಕಾದ ಬೇಲಿ ಇನ್ನಷ್ಟು ದೂರ ಸರಿದಂತಾಗಿದೆ.

ಈ ಕೊರತೆಯನ್ನು ರಾಜ್ಯಗಳು ನಿಯಮಗಳಲ್ಲಿ ತುಂಬಬಹುದು. ಕರ್ನಾಟಕ ಮೂರು ಕೆಲಸ ಮಾಡಲಿ. ಒಂದು, ಹಲವು ಸಂಸ್ಥೆಗಳಿರುವ ಪ್ರತಿ ಕಟ್ಟಡ ಮತ್ತು ಕಾಮಗಾರಿಗೆ, ಅಪಾಯ ಕಂಡರೆ ಯಾರ ಕೆಲಸವನ್ನಾದರೂ ನಿಲ್ಲಿಸುವ ಅಧಿಕಾರವಿರುವ ಒಬ್ಬ ಸುರಕ್ಷತಾ ಹೊಣೆಗಾರನನ್ನು ಮೂಲ ಮಾಲೀಕನೇ ನೇಮಿಸಬೇಕು. ಎರಡು, ಎತ್ತರ, ಬೆಂಕಿ, ವಿದ್ಯುತ್, ಗುಂಡಿಯ ಕೆಲಸಕ್ಕೆ ಮುನ್ನ ಅವನ ಲಿಖಿತ ಪರ್ಮಿಟ್ ಬೇಕು. ಎಚ್ಚರಿಕೆಯ ಮಾತು ಕಾರ್ಮಿಕನ ಭಾಷೆಯಲ್ಲಿರಬೇಕು. ಅಸ್ಸಾಮಿನ ಯುವಕನಿಗೆ ತಮಿಳಿನಲ್ಲೋ ಕನ್ನಡದಲ್ಲೋ ಸೂಚನೆ ಕೊಟ್ಟು ಸಹಿ ಹಾಕಿಸಿಕೊಂಡರೆ ಉಳಿಯುವುದು ದಾಖಲೆ, ಜೀವವಲ್ಲ. ಮೂರು, ಕಾರ್ಮಿಕರ ಲೆಕ್ಕವನ್ನು ಗುತ್ತಿಗೆದಾರನಿಗೊಂದರಂತೆ ಒಡೆಯದೆ ಇಡೀ ಜಾಗಕ್ಕೆ ಹಿಡಿಯಬೇಕು.

ಇದಕ್ಕೆ ಖರ್ಚಿದೆ, ನಿಜ. ಕಡಿಮೆ ದರ ಕೂಗಿದವನಿಗೇ ಗುತ್ತಿಗೆ ಕೊಡುವ ಪದ್ಧತಿಯಲ್ಲಿ ಮೊದಲು ಕಡಿತಗೊಳ್ಳುವುದು ಸುರಕ್ಷತೆಯ ಹಣ. ಆದ್ದರಿಂದ ಅದನ್ನು ಟೆಂಡರ್‌ನಲ್ಲಿ ಪ್ರತ್ಯೇಕವಾಗಿ ಇಡಬೇಕು, ಅದರ ಮೇಲೆ ಪೈಪೋಟಿಗೆ ಅವಕಾಶ ಇರಕೂಡದು. ಸಾವಿನ ನಂತರ ಲಕ್ಷಗಳನ್ನು ಘೋಷಿಸುವ ಸರ್ಕಾರಗಳು ತಮ್ಮದೇ ಕಾಮಗಾರಿಗಳಲ್ಲಿ ಇದನ್ನು ನಾಳೆಯಿಂದಲೇ ಆರಂಭಿಸಬಹುದು. ಅದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.