ಹಿಕ್ಕೆಗಲ್ಲಿನೊಳಗಿನ ಜೀರುಂಡೆ

ಅರಮನೆಯ ಶಾಸನ ಅರಸನ ಬಿರುದಾವಳಿಯನ್ನು ಹೇಳೀತು. ಅವನ ಕಾಲದ ಜನ ಏನನ್ನು ಉಂಡರೆಂಬುದನ್ನು ಹೇಳುವುದು ಊರ ಹೊರಗಿನ ತಿಪ್ಪೆ. ಹಳೆಯ ಊರುಗಳನ್ನು ಅಗೆದು ನೋಡುವ ಪುರಾತತ್ತ್ವಜ್ಞರು ಇದನ್ನು ಬಹುಕಾಲದಿಂದ ಬಲ್ಲರು. ಊರೂ ಇಲ್ಲದ, ಮನುಷ್ಯನೂ ಇಲ್ಲದ ಕಾಲಕ್ಕೂ ಈ ಮಾತು ಸಲ್ಲುತ್ತದೆಂಬುದಕ್ಕೆ ೨೦೨೧ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಒಂದು ಸೊಗಸಾದ ನಿದರ್ಶನ ದೊರೆಯಿತು. ಪೋಲೆಂಡ್ ದೇಶದಲ್ಲಿ ಸಿಕ್ಕಿದ, ಕಲ್ಲಾಗಿ ಹೋಗಿದ್ದ ಹಿಕ್ಕೆಯೊಂದರಲ್ಲಿ ಅದುವರೆಗೆ ಯಾರೂ ಅರಿಯದಿದ್ದ ಜೀರುಂಡೆಯೊಂದನ್ನು ಕಂಡು, ವಿಜ್ಞಾನಿಗಳು ಅದಕ್ಕೆ ನಾಮಕರಣ ಮಾಡಿದರು.

ಇಂತಹ ಹಿಕ್ಕೆಗಲ್ಲುಗಳ ಪರಿಚಯ ವಿದ್ವತ್ ಪ್ರಪಂಚಕ್ಕೆ ಹೊಸದಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಪಳೆಯುಳಿಕೆಗಳನ್ನು ಹೆಕ್ಕಿ ಮಾರಿ ಬದುಕುತ್ತಿದ್ದ ಮೇರಿ ಆನಿಂಗ್ ಎಂಬಾಕೆ, ಪ್ರಾಚೀನ ಕಡಲ ಸರೀಸೃಪಗಳ ಅಸ್ಥಿಪಂಜರದಲ್ಲಿ ಹೊಟ್ಟೆಯಿದ್ದ ಜಾಗದಲ್ಲೇ ಕೆಲವು ವಿಚಿತ್ರವಾದ ಕಲ್ಲುಗಳಿರುವುದನ್ನು ಗಮನಿಸಿದ್ದಳು. ಒಡೆದರೆ ಒಳಗೆ ಮೀನಿನ ಮುಳ್ಳು, ಮೀನಿನ ಹುರುಪೆ! ೧೮೨೯ರಲ್ಲಿ ವಿಲಿಯಂ ಬಕ್ಲೆಂಡ್ ಎಂಬ ಭೂವಿಜ್ಞಾನಿ ಇವು ಕಲ್ಲಾದ ಮಲವಲ್ಲದೆ ಬೇರೆಯಲ್ಲವೆಂದು ಸಾರಿ, ‘ಕೊಪ್ರೊಲೈಟ್’ ಎಂಬ ಹೆಸರನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ‘ಕೊಪ್ರೊಸ್’ ಎಂದರೆ ಸಗಣಿ, ‘ಲಿಥೊಸ್’ ಎಂದರೆ ಕಲ್ಲು.

ಪೋಲೆಂಡಿನ ಒಪೋಲೆ ನಗರಕ್ಕೆ ಸಮೀಪದ ಕ್ರಾಶೆಯೂಫ್ ಎಂಬ ಹಳ್ಳಿಯಲ್ಲಿ ಸಿಮೆಂಟಿಗಾಗಿ ಜೇಡಿಮಣ್ಣನ್ನು ಅಗೆಯುತ್ತಿದ್ದ ಗಣಿಯೊಂದಿದೆ. ಅಲ್ಲಿನ ಮಣ್ಣು ಸುಮಾರು ೨೩ ಕೋಟಿ ವರ್ಷಗಳಷ್ಟು ಹಳೆಯದು; ಡೈನೋಸಾರ್‌ಗಳು ಜಗತ್ತಿನಲ್ಲಿ ಇನ್ನೂ ತಲೆಯೆತ್ತುತ್ತಿದ್ದ ಟ್ರಯಾಸಿಕ್ ಯುಗದ್ದು. ಅಲ್ಲಿ ದೊರೆತ ಪ್ರಾಣಿಗಳಲ್ಲಿ ‘ಸೈಲೀಸಾರಸ್’ ಎಂಬುದು ಒಂದು. ಸುಮಾರು ೨ ಮೀಟರ್ ಉದ್ದ, ೧೫ ಕಿಲೋಗ್ರಾಂ ತೂಕದ, ಡೈನೋಸಾರ್‌ಗಳಿಗೆ ಹತ್ತಿರದ ದಾಯಾದಿಯೆನಿಸಿದ ಈ ಜೀವಿಯನ್ನು ೨೦೦೩ರಲ್ಲಿ ಯೆಜಿ ಜಿಕ್ ಎಂಬ ಪೋಲಿಷ್ ವಿಜ್ಞಾನಿ ಮೊದಲು ವರ್ಣಿಸಿದರು. ಅದೇ ಗಣಿಯಲ್ಲಿ ಹಿಕ್ಕೆಗಲ್ಲುಗಳೂ ಹೇರಳವಾಗಿ ದೊರೆತವು. ಅವುಗಳ ಗಾತ್ರ, ಆಕಾರ, ಒಳಗಿನ ಪದಾರ್ಥ ಇವೆಲ್ಲವನ್ನೂ ತಾಳೆ ನೋಡಿ, ಕೆಲವು ಸೈಲೀಸಾರಸ್‌ನವೇ ಇರಬೇಕೆಂದು ಸಂಶೋಧಕರು ತರ್ಕಿಸಿದರು.

ಈಗ ಜೀರುಂಡೆಗಳ ವಿಷಯ. ಇಂದು ವಿಜ್ಞಾನಕ್ಕೆ ತಿಳಿದಿರುವ ಜೀರುಂಡೆಯ ಪ್ರಭೇದಗಳು ಹೆಚ್ಚು ಕಡಿಮೆ ೪ ಲಕ್ಷ. ಭೂಮಿಯ ಮೇಲೆ ಇಷ್ಟೊಂದು ಕವಲೊಡೆದ ಪ್ರಾಣಿವರ್ಗ ಮತ್ತೊಂದಿಲ್ಲ. ಆದರೆ ಈ ದೊಡ್ಡ ಮನೆತನದ ಹಳೆಯ ವಂಶಾವಳಿ ಬಹಳ ಮಸುಕು. ಪುರಾತನ ಶಿಲೆಗಳಲ್ಲಿ ಸಿಕ್ಕುವ ಜೀರುಂಡೆ ಸಾಮಾನ್ಯವಾಗಿ ಅಪ್ಪಚ್ಚಿಯಾದ ಒಂದು ಗುರುತು. ಎಷ್ಟೋ ಸಲ ಗಟ್ಟಿಯಾದ ಮೇಲ್ರೆಕ್ಕೆಯೊಂದೇ ಉಳಿದಿರುತ್ತದೆ. ಕಾಲಿನ ಗೆಣ್ಣು, ಮೀಸೆಯ ಗಂಟು, ಹೊಟ್ಟೆಯ ಕೆಳಗಿನ ಫಲಕಗಳ ಜೋಡಣೆ—ಕುಲವನ್ನು ನಿರ್ಣಯಿಸುವ ಲಕ್ಷಣಗಳು ಇವು. ಅವೇ ಅಳಿಸಿ ಹೋಗಿರುತ್ತವೆ. ಅಂಗಿಯ ತೋಳೊಂದನ್ನು ನೋಡಿ ತೊಟ್ಟವನ ಗೋತ್ರವನ್ನು ಹೇಳುವುದೆಂತು? ಮರದ ಅಂಟು ಹೆಪ್ಪುಗಟ್ಟಿ ಕಲ್ಲಾದ ‘ಅಂಬರ್’ನಲ್ಲಿ ಸಿಲುಕಿದ ಕೀಟಗಳು ಅಂಗಾಂಗಸಮೇತ ಉಳಿಯುತ್ತವೆ, ನಿಜ. ಆದರೆ ಕೀಟಗಳು ಸಮೃದ್ಧವಾಗಿ ಸಿಕ್ಕುವ ಅಂಬರ್ ಸುಮಾರು ೧೪ ಕೋಟಿ ವರ್ಷಗಳಿಗಿಂತ ಹಿಂದಿನದಲ್ಲ. ಅದಕ್ಕೂ ಹಿಂದಿನ ಕಾಲವನ್ನು ಕಾಣಲು ಬೇರೊಂದು ಕಿಟಕಿ ಬೇಕಾಗಿತ್ತು.

ಆ ಕಿಟಕಿಯನ್ನು ತೆರೆದವರು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ಮಾರ್ಟಿನ್ ಕ್ವಾರ್ನ್‌ಸ್ಟ್ರೋಮ್, ತೈವಾನಿನಲ್ಲಿ ಕೆಲಸಮಾಡುತ್ತಿದ್ದ ಜೀರುಂಡೆ ತಜ್ಞ ಮಾರ್ಟಿನ್ ಫಿಕಾಚೆಕ್ ಮತ್ತು ಅವರ ಸಹೋದ್ಯೋಗಿಗಳು. ಹಿಕ್ಕೆಗಲ್ಲಿನ ಒಂದು ಚೂರನ್ನು ಅವರು ಫ್ರಾನ್ಸಿನ ಗ್ರೆನೋಬಲ್ ನಗರದ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಪರೀಕ್ಷಿಸಿದರು. ೮೪೪ ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳನ್ನು ಬೆಳಕಿಗೆ ಸಮೀಪದ ವೇಗದಲ್ಲಿ ಸುತ್ತಿಸಿ, ಆಸ್ಪತ್ರೆಯ ಎಕ್ಸ್-ಕಿರಣಗಳಿಗಿಂತ ಅದೆಷ್ಟೋ ಪಾಲು ಪ್ರಖರವಾದ ಕಿರಣಗಳನ್ನು ಅಲ್ಲಿ ಪಡೆಯುತ್ತಾರೆ. ಚೂರನ್ನು ಆ ಕಿರಣದೆದುರು ತಿರುಗಿಸುತ್ತ ತೆಗೆದ ಚಿತ್ರಗಳನ್ನು ಗಣಕಯಂತ್ರ ಪದರಪದರವಾಗಿ ಹೊಂದಿಸಿತು. ಕಲ್ಲನ್ನು ಒಡೆಯಲಿಲ್ಲ, ಒಳಗಿರುವ ಕೀಟವನ್ನು ಮುಟ್ಟಲೂ ಇಲ್ಲ. ಆದರೂ ತೆರೆಯ ಮೇಲೆ ಒಂದು ಪುಟ್ಟ ಜೀರುಂಡೆ ಮೈದುಂಬಿ ಮೂಡಿತು. ಒಂದಲ್ಲ, ಹಲವು! ಕೆಲವಕ್ಕೆ ಕಾಲುಗಳೂ ಮೀಸೆಗಳೂ ಇನ್ನೂ ಅಂಟಿಕೊಂಡಿದ್ದವು. ಹಿಕ್ಕೆಯಲ್ಲಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಬೇಗನೆ ಗಟ್ಟಿಯಾದುದರಿಂದ ಅವು ಕೊಳೆಯದೆ, ಚಪ್ಪಟೆಯಾಗದೆ ಉಳಿದಿದ್ದವು.

ಅದರ ಉದ್ದ ಒಂದೂವರೆ ಮಿಲಿಮೀಟರ್‌ನ ಆಸುಪಾಸು. ಗಸಗಸೆಯ ಕಾಳಿಗಿಂತ ತುಸು ದೊಡ್ಡದು. ಅದಕ್ಕೆ ಇಟ್ಟ ಹೆಸರು ‘ಟ್ರಯಾಮಿಕ್ಸಾ ಕೊಪ್ರೊಲಿಥಿಕಾ’. ಹೆಸರಿನಲ್ಲೇ ಅದರ ಕಾಲ, ಕುಲ, ದೊರೆತ ಸ್ಥಳ ಮೂರೂ ಅಡಗಿವೆ: ಟ್ರಯಾಸಿಕ್ ಯುಗ, ಮಿಕ್ಸೊಫ್ಯಾಗಾ ಎಂಬ ಉಪವರ್ಗ, ಕೊಪ್ರೊಲೈಟ್. ತಿಳಿದ ಯಾವ ಕುಟುಂಬಕ್ಕೂ ಸೇರದ್ದರಿಂದ ಅದಕ್ಕೆಂದೇ ಹೊಸ ಕುಟುಂಬವೊಂದನ್ನು ಕಲ್ಪಿಸಬೇಕಾಯಿತು. ಹಿಕ್ಕೆಗಲ್ಲಿನಿಂದ ವರ್ಣಿತವಾದ ಮೊತ್ತಮೊದಲ ಕೀಟವೆಂಬ ಹಿರಿಮೆಯೂ ಅದರದೇ. ಇದು ಸಗಣಿಯನ್ನು ತಿನ್ನುವ ಹುಳುವಾಗಿರಬೇಕೆಂದು ವಾಚಕರು ಭ್ರಮಿಸಬಾರದು. ಅದು ಹಿಕ್ಕೆಯನ್ನು ಹುಡುಕಿಕೊಂಡು ಬಂದದ್ದಲ್ಲ. ನುಂಗಿದವನ ಹೊಟ್ಟೆಯನ್ನು ಹಾದು ಬಂದದ್ದು.

ಇಷ್ಟು ಸಣ್ಣ ಹುಳುಗಳಿಂದಲೇ ಸೈಲೀಸಾರಸ್‌ನ ಹೊಟ್ಟೆ ತುಂಬುತ್ತಿರಲಿಲ್ಲ. ಅದೇ ಹಿಕ್ಕೆಯಲ್ಲಿ ದೊಡ್ಡ ಜೀರುಂಡೆಗಳ ಚೂರುಗಳೂ ಇವೆ. ಬಹುಶಃ ಅವುಗಳನ್ನು ಹೆಕ್ಕುವಾಗ ಕಿರಿಯವೂ ಜೊತೆಯಲ್ಲಿ ಒಳಸರಿದವು. ಹಿರಿಯವು ತುಂಡುತುಂಡಾದವು, ಹಲವು ಕಿರಿಯವು ಇಡಿಯಾಗಿ ಉಳಿದವು. ಸೈಲೀಸಾರಸ್ ಸೊಪ್ಪು ತಿನ್ನುವ ಸಾಧುಪ್ರಾಣಿಯೆಂಬ ಹಿಂದಿನ ಎಣಿಕೆಯನ್ನೂ ಈ ಹಿಕ್ಕೆ ಅಲುಗಾಡಿಸಿತು. ಹಲ್ಲನ್ನು ನೋಡಿ ಮಾಡಿದ ಊಹೆಗಿಂತ ಹೊಟ್ಟೆಯಿಂದ ಬಂದ ಸಾಕ್ಷ್ಯಕ್ಕೆ ತೂಕ ಹೆಚ್ಚಲ್ಲವೇ?

ಸೈಲೀಸಾರಸ್ ಇಂದು ಭೂಮಿಯ ಮೇಲಿಲ್ಲ. ಅದು ನುಂಗಿದ ಜೀರುಂಡೆಯ ಉಪವರ್ಗವಾದರೋ ಇಂದಿಗೂ ಬಾಳುತ್ತಿದೆ. ಪ್ರಭೇದಗಳು ನೂರರ ಸುಮಾರು ಮಾತ್ರ. ಗಾತ್ರ ಅಂದಿನಂತೆ ಅಲ್ಪ. ನೀರು ಜಿನುಗುವ ಬಂಡೆಯ ಮೇಲೆ, ತೊರೆಯಂಚಿನ ಮರಳಿನಲ್ಲಿ ಪಾಚಿಯನ್ನು ಮೇಯುತ್ತ ಅವು ಕಾಲ ಕಳೆಯುತ್ತವೆ. ದೈತ್ಯರು ಬಂದರು, ಹೋದರು. ಪಾಚಿ ಇದ್ದಲ್ಲಿ ಇವು ಇದ್ದವು. ಕ್ರಾಶೆಯೂಫ್‌ನ ಆ ಪುಟ್ಟ ಜೀರುಂಡೆಯನ್ನು ಇಂದಿಗೂ ಯಾರೂ ಬರಿಗಣ್ಣಿನಿಂದ ನೋಡಿಲ್ಲ. ತನ್ನ ಹೆಸರನ್ನು ಹೊತ್ತ ಮೂಲ ಮಾದರಿಯಾಗಿ ಅದು ಆ ಕಲ್ಲಿನೊಳಗೇ ಇದೆ, ೨೩ ಕೋಟಿ ವರ್ಷಗಳ ಹಿಂದೆ ಹೇಗೆ ಬಿದ್ದಿತೋ ಹಾಗೆಯೇ.